ಮಳೆಯನ್ನೇ ನಂಬಿದ ರಾಜಧಾನಿ: ಮಹಮ್ಮದ್ ಆದಿಲ್‌ಶಾಹನ ಬದುಕು ಮತ್ತು ವಿಜಾಪುರದ ಜಲವ್ಯವಸ್ಥೆ

ಪ್ರಸ್ತಾವನೆ

ಮುದ್ದೇಬಿಹಾಳ ತಾಲೂಕಿನ ತಂಗಡಗಿ ಕೃಷ್ಣೆಯ ದಡದ ಊರು. ಬಸವಣ್ಣನವರ ಪತ್ನಿ ನೀಲಾಂಬಿಕೆಯವರು ಐಕ್ಯರಾದ ಸ್ಥಳವೆಂದು ಶರಣ ಪರಂಪರೆ ಈ ಊರನ್ನು ಗೌರವಿಸುತ್ತ ಬಂದಿದೆ. ಹೊಳೆಯ ದಡದಲ್ಲಿ ಬಾಳುವವರಿಗೆ ನೀರು ಕಣ್ಣೆದುರಿನ ವಸ್ತು. ಅದು ಏರಿದ್ದೂ ಇಳಿದದ್ದೂ ಕಾಣುತ್ತದೆ. ಆದರೆ ಇದೇ ಜಿಲ್ಲೆಯ ಕೇಂದ್ರವಾದ ವಿಜಾಪುರಕ್ಕೆ ಅಂಥ ಹೊಳೆಯಿಲ್ಲ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ಇವೆರಡರ ನಡುವಿನ ಕಪ್ಪುಕಲ್ಲಿನ ಎತ್ತರದ ಬಯಲಿನಲ್ಲಿ ಆ ನಗರ ನಿಂತಿದೆ. ಅದರ ದಕ್ಷಿಣಕ್ಕೆ ಹರಿಯುವ ಡೋಣಿ ತನ್ನ ದಡದ ಎರೆಹೊಲಗಳ ಜೋಳಕ್ಕೆ ಹೆಸರಾದುದೇ ಹೊರತು ಅದರ ನೀರು ಸವಳು. ವರ್ಷಕ್ಕೆ ಸುಮಾರು 600 ಮಿಲಿಮೀಟರಿನ ಆಸುಪಾಸಿನಲ್ಲಿ, ಅದೂ ಕೆಲವೇ ದಿನಗಳಲ್ಲಿ ಬಿದ್ದುಹೋಗುವ ಮಳೆಯೇ ಈ ನಗರದ ಮೂಲ ಬಂಡವಾಳ.

ಹೀಗಿದ್ದೂ ಆದಿಲ್‌ಶಾಹಿ ಅರಸರು ಸುಮಾರು ಇನ್ನೂರು ವರ್ಷಗಳ ಕಾಲ ಇಲ್ಲಿಯೇ ರಾಜಧಾನಿಯನ್ನು ನಡೆಸಿದರು. ಅವರಲ್ಲಿ 1627ರಿಂದ 1656ರವರೆಗೆ ಆಳಿದ ಮಹಮ್ಮದ್ ಆದಿಲ್‌ಶಾಹ ಗೋಲಗುಮ್ಮಟದ ನಿರ್ಮಾಪಕನೆಂದು ಲೋಕಪ್ರಸಿದ್ಧನಾಗಿದ್ದಾನೆ. ಗುಮ್ಮಟದ ಗಾತ್ರ ಅವನ ಉಳಿದ ಕೆಲಸಗಳನ್ನು ಮರೆಮಾಡಿಬಿಟ್ಟಿದೆ. ಅವನ ಆಳ್ವಿಕೆಯನ್ನು ನೀರಿನ ಕಡೆಯಿಂದ ನೋಡಿದರೆ ಬೇರೊಂದು ಚಿತ್ರ ದೊರೆಯುತ್ತದೆ. ನಗರವನ್ನು ಉಳಿಸಲು ಒಂದು ಕೆರೆಯ ಒಡ್ಡನ್ನು ಒಡೆದದ್ದೂ, ಆ ನಗರಕ್ಕಾಗಿಯೇ ಮತ್ತೊಂದು ಕೆರೆಯನ್ನು ಕಟ್ಟಿದ್ದೂ ಇದೇ ಆಳ್ವಿಕೆಯಲ್ಲಿ. ಈ ಎರಡು ಘಟನೆಗಳ ನಡುವೆ ಅವನ ಬದುಕನ್ನು ಇರಿಸಿ ನೋಡುವುದು, ನಗರದ ಮಳೆನೀರನ್ನು ತಡೆದು, ತಿಳಿಗೊಳಿಸಿ, ಬಳಸುವ ವಿಷಯದಲ್ಲಿ ಆ ಕಾಲ ನಮಗೆ ಬಿಟ್ಟುಹೋದ ಅರಿವನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಿರಿಯರಿಂದ ಬಂದ ನೀರು

ಮಹಮ್ಮದನ ಜಲಕಾರ್ಯಗಳು ಶೂನ್ಯದಿಂದ ಹುಟ್ಟಿದವಲ್ಲ. ಒಂದನೆಯ ಅಲಿ ಆದಿಲ್‌ಶಾಹನ (1558-1580) ಕಾಲದಲ್ಲಿ, 1565ರ ವೇಳೆಗೆ, ನಗರದ ಸುತ್ತ ಸುಮಾರು ಹತ್ತು ಕಿಲೋಮೀಟರ್ ಉದ್ದದ ಕೋಟೆಗೋಡೆ ಪೂರ್ಣಗೊಂಡಿತು. ಅದೇ ವರ್ಷ ವಿಜಯನಗರ ಪತನವಾಗಿ ವಿಜಾಪುರದ ಸಂಪತ್ತೂ ಜನಸಂಖ್ಯೆಯೂ ಬೆಳೆದವು. 1579ರಲ್ಲಿ ಚಾಂದ್ ಬಾವಡಿ ನಿರ್ಮಾಣವಾಯಿತು. ನಗರದ ಪಶ್ಚಿಮಕ್ಕಿರುವ ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗದ ಮೂಲಕ ನೀರು ತರುವ ಕೆಲಸವನ್ನೂ ಅಲಿಯ ಕಾಲಕ್ಕೆ ಸೇರಿಸುವುದು ರೂಢಿ. ಕನ್ನಡ ಓದುಗರಿಗೆ ತೊರವಿ ಕುಮಾರ ವಾಲ್ಮೀಕಿಯ ರಾಮಾಯಣದಿಂದ ಪರಿಚಿತವಾದ ಊರು. ನಗರದ ಜಲಚರಿತ್ರೆಯಲ್ಲೂ ಅದಕ್ಕೆ ಸ್ಥಾನವಿದೆಯೆಂಬುದು ಗಮನಾರ್ಹ.

ಮಹಮ್ಮದನ ತಂದೆ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ಅದೇ ತೊರವಿಯ ಬಳಿ 1599ರಲ್ಲಿ ನೌರಸಪುರವೆಂಬ ಹೊಸ ನಗರವನ್ನು ಆರಂಭಿಸಿದನು. 1620ರಲ್ಲಿ ಅವನ ರಾಣಿ ತಾಜ್ ಸುಲ್ತಾನಳ ಹೆಸರಿನಲ್ಲಿ ಮಲಿಕ್ ಸಂದಲ್ ಎಂಬ ವಾಸ್ತುಶಿಲ್ಪಿ ತಾಜ್ ಬಾವಡಿಯನ್ನು ನಿರ್ಮಿಸಿದನು. ಸುಮಾರು 223 ಅಡಿ ಚೌಕದ, 52 ಅಡಿ ಆಳದ ಈ ಬಾವಡಿ ಚಾಂದ್ ಬಾವಡಿಯ ಮಾದರಿಯನ್ನೇ ಹಿರಿದುಗೊಳಿಸಿದ ರಚನೆ. ನಗರದ ನೆಲಕ್ಕೆ ಬಿದ್ದ ಮಳೆ ಗರಸಿನಲ್ಲಿ ಇಂಗಿ, ಕಲ್ಲಿನ ಬಿರುಕುಗಳಲ್ಲಿ ಸೋಸಿಕೊಂಡು ಬಾವಡಿಗಳ ಸೆಲೆಯಾಗಿ ಒಸರುತ್ತಿತ್ತು. ಇಂಗುವ ನೆಲವೇ ಇಲ್ಲಿ ಸೋಸುವ ಬಟ್ಟೆ.

ಪಟ್ಟಕ್ಕೆ ಬಂದ ಬಾಲಕ

ಮಹಮ್ಮದನ ಬಾಲ್ಯ ನೆಮ್ಮದಿಯದಾಗಿರಲಿಲ್ಲ. 1624ರಲ್ಲಿ ಅಹಮದನಗರದ ಮಲಿಕ್ ಅಂಬರ್ ಭಾತವಡಿಯ ಯುದ್ಧದಲ್ಲಿ ಜಯಗಳಿಸಿ, ಮುಂದೆ ಸಾಗಿ ನೌರಸಪುರವನ್ನು ಹಾಳುಗೆಡವಿದನು. ಗೋಡೆಯ ರಕ್ಷಣೆ ಪೂರ್ಣವಾಗದ ಆ ನಗರ ಮತ್ತೆ ಚೇತರಿಸಿಕೊಳ್ಳಲಿಲ್ಲ. ಖಡ್ಕಿ ನಗರಕ್ಕೆ, ಅಂದರೆ ಮುಂದಿನ ಔರಂಗಾಬಾದಿಗೆ, ನೆಲದೊಳಗಿನ ಕಾಲುವೆಯಿಂದ ನೀರು ತಂದು ಹೆಸರಾದವನೂ ಈ ಮಲಿಕ್ ಅಂಬರನೇ. ನೀರು ಬಲ್ಲವನೇ ಇನ್ನೊಬ್ಬರ ನಗರವನ್ನು ಕೆಡವಿದ ಈ ಪ್ರಸಂಗ ದಖನ್ನಿನ ಆ ಕಾಲದ ರಾಜಕಾರಣಕ್ಕೆ ಒಳ್ಳೆಯ ನಿದರ್ಶನ.

1627ರ ಸೆಪ್ಟೆಂಬರಿನಲ್ಲಿ ಇಬ್ರಾಹಿಂ ತೀರಿಕೊಂಡಾಗ ಮಹಮ್ಮದ್ ಹದಿಹರೆಯದ ಹುಡುಗ. ಆಡಳಿತ ಸರದಾರರ ಕೈಯಲ್ಲಿತ್ತು. ಮೊಗಲರೊಂದಿಗೆ ಹೊಂದಿಕೊಂಡು ಹೋಗಬೇಕೆನ್ನುವ ಮುಸ್ತಫಾ ಖಾನನ ಬಣ, ಅದಕ್ಕೆದುರಾಗಿ ಖವಾಸ್ ಖಾನನ ಬಣ, ಇವುಗಳ ಮೇಲಾಟದಲ್ಲಿ ಅರಸನು ಬಹುಕಾಲ ಹೆಸರಿಗೆ ಮಾತ್ರ ಅರಸನಾಗಿದ್ದನು. 1630ರಿಂದ 1632ರವರೆಗೆ ದಖನ್ನನ್ನು ಭೀಕರ ಬರ ಕಾಡಿತು. ಆ ಬರದ ನಡುವೆಯೇ, 1631ರಲ್ಲಿ, ಮೊಗಲ ಸೇನಾನಿ ಆಸಫ್ ಖಾನ್ ವಿಜಾಪುರಕ್ಕೆ ಮುತ್ತಿಗೆ ಹಾಕಿದನು. ಸುತ್ತಲಿನ ಸೀಮೆಯಲ್ಲಿ ಮೇವು ಕಾಳು ಸಿಗದೆ ಮುತ್ತಿಗೆಯನ್ನು ಕೆಲವೇ ವಾರಗಳಲ್ಲಿ ಎತ್ತಬೇಕಾಯಿತು. ನಗರವನ್ನು ಕಾಯುವಲ್ಲಿ ಗೋಡೆ ತೋಪುಗಳಷ್ಟೇ ಒಳಗಿನ ನೀರಿನ ಸಂಗ್ರಹವೂ ಹೊರಗಿನ ಬರಡೂ ಪಾತ್ರ ವಹಿಸಿದವೆಂದು ಹೇಳಬೇಕಾಗುತ್ತದೆ.

ಒಡೆದ ಒಡ್ಡು

ಈ ಪಾಠದ ಕಠಿಣ ರೂಪ ಕಂಡುಬಂದದ್ದು 1636ರಲ್ಲಿ. ಷಾಹಜಹಾನನ ಸೈನ್ಯಗಳು ಮೂರು ದಿಕ್ಕುಗಳಿಂದ ಆದಿಲ್‌ಶಾಹಿ ಸೀಮೆಯನ್ನು ಪ್ರವೇಶಿಸಿ ಊರುಗಳನ್ನು ಸುಡುತ್ತ ಬಂದವು. ಆಗ ವಿಜಾಪುರದವರು ನಗರದ ಹೊರಗಿನ ಶಹಾಪುರದ ಕೆರೆಯ ಒಡ್ಡನ್ನು ಕಡಿದು ನೀರನ್ನು ಸುತ್ತಲಿನ ಬಯಲಿಗೆ ಬಿಟ್ಟರು. ಎರೆಭೂಮಿ ಕೆಸರಾಯಿತು, ಅನಂತರ ಕುಡಿಯಲು ನೀರೂ ಉಳಿಯಲಿಲ್ಲ. ರಾಜಧಾನಿಯನ್ನು ಮುತ್ತುವುದು ಶತ್ರುವಿಗೆ ಅಸಾಧ್ಯವಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಒಪ್ಪಂದವಾಗಿ, ಮಹಮ್ಮದನು 20 ಲಕ್ಷ ರೂಪಾಯಿಗಳ ಕಾಣಿಕೆಗೆ ಒಪ್ಪಿ, ಅಹಮದನಗರ ರಾಜ್ಯದ ಒಂದು ಭಾಗವನ್ನು ಪಡೆದನು.

ಚರಿತ್ರೆಕಾರರು ಈ ಒಡ್ಡು ಒಡೆದ ಸಂಗತಿಯನ್ನು ಯುದ್ಧತಂತ್ರವೆಂದು ಒಂದೆರಡು ಸಾಲುಗಳಲ್ಲಿ ಹೇಳಿ ಮುಂದೆ ಸಾಗುತ್ತಾರೆ. ನೀರಿನ ದೃಷ್ಟಿಯಿಂದ ಅದು ಸಣ್ಣ ಸಂಗತಿಯಲ್ಲ. ಮಳೆಯನ್ನೇ ನಂಬಿದ ಸೀಮೆಯಲ್ಲಿ ಕೆರೆಯೆಂದರೆ ಕೂಡಿಟ್ಟ ಕಾಲ. ಒಂದು ಒಡ್ಡು ಕಡಿದರೆ ಹರಿದುಹೋಗುವುದು ಆ ದಿನದ ನೀರಷ್ಟೇ ಅಲ್ಲ. ಮುಂದಿನ ಮಳೆಗಾಲದವರೆಗೆ ಬಾವಿಗಳಿಗೆ ಇಂಗಬೇಕಾದ ತೇವವೂ ಹೊರಟುಹೋಗುತ್ತದೆ. ನಗರ ಉಳಿಯಿತು, ಆದರೆ ಅದರ ಬೆಲೆಯನ್ನು ಕೆರೆಯ ಕೆಳಗಿನ ಹೊಲದವರೂ ಹೊರಪೇಟೆಯವರೂ ತೆತ್ತರು. ಮಹಮ್ಮದನ ಮುಂದಿನ ಜಲಕಾರ್ಯಗಳನ್ನು ಈ ಹಿನ್ನೆಲೆಯಿಂದ ಬೇರ್ಪಡಿಸಿ ನೋಡಲಾಗದು.

ಕೆರೆಗಳ ನಾಡಿನತ್ತ

ಉತ್ತರದ ಗಡಿ ಒಪ್ಪಂದದಿಂದ ಭದ್ರವಾದ ಮೇಲೆ ಮಹಮ್ಮದನ ಸೈನ್ಯಗಳು ದಕ್ಷಿಣಕ್ಕೆ ತಿರುಗಿದವು. ರಣದುಲ್ಲಾ ಖಾನ್, ಶಹಾಜಿ ಭೋಸಲೆ, ಅಫಜಲ್ ಖಾನ್ ಮೊದಲಾದವರು ಇಕ್ಕೇರಿಯಿಂದ ಆಚೆಗೆ ಕನ್ನಡನಾಡಿನ ಬಹುಭಾಗದ ಮೇಲೆ ಏರಿಹೋದರು. 1638ರಲ್ಲಿ ಬೆಂಗಳೂರು ಕೆಂಪೇಗೌಡರ ವಂಶದವರ ಕೈತಪ್ಪಿ ವಿಜಾಪುರಕ್ಕೆ ಸೇರಿತು. ಶಹಾಜಿಗೆ ಅದು ಜಹಗೀರಾಯಿತು.

ಇಲ್ಲಿ ಒಂದು ಹೋಲಿಕೆ ಪ್ರಸ್ತುತ. ಬೆಂಗಳೂರಿಗೂ ದೊಡ್ಡ ನದಿಯಿಲ್ಲ. ಅಲ್ಲಿಯೂ ದಿಬ್ಬದ ಮಳೆ ಕಾಲುವೆಗಳಲ್ಲಿ ಹರಿದು ಒಂದು ಕೆರೆ ತುಂಬಿ, ಅದರ ಕೋಡಿಯ ನೀರು ಕೆಳಗಿನ ಕೆರೆಗೆ ಇಳಿಯುವ ಸರಣಿಯೇ ಊರಿನ ಆಧಾರವಾಗಿತ್ತು. ಆದರೆ ಬೆಂಗಳೂರಿನ ನೆಲ ಗ್ರಾನೈಟಿನದು, ಏರಿಳಿತದ್ದು. ಕೆರೆಯಿಂದ ಕೆರೆಗೆ ಇಳಿಸುವುದು ಅಲ್ಲಿ ಸುಲಭ. ವಿಜಾಪುರದ ಬಯಲಿನಲ್ಲಿ ಇಳಿಜಾರು ಕಡಿಮೆ, ಎರೆಮಣ್ಣು ನೆನೆದರೆ ಉಬ್ಬಿ ನೀರನ್ನು ಒಳಬಿಡದು, ಒಣಗಿದರೆ ಬಿರಿಯುತ್ತದೆ. ಆದ್ದರಿಂದ ಇಲ್ಲಿ ನೀರನ್ನು ಊರಿನ ಹೊರಗೆ ಹಿಡಿದು, ನೆಲದೊಳಗೆ ಕೊಳವೆಗಳಲ್ಲಿ ತರುವ ಬೇರೊಂದು ಕ್ರಮ ಬೆಳೆಯಿತು. ಒಬ್ಬನೇ ಅರಸನ ಆಳ್ವಿಕೆಯೊಳಗೆ ಈ ಎರಡೂ ಜಲಸಂಪ್ರದಾಯಗಳು ಬಂದದ್ದು ಕರ್ನಾಟಕದ ನಗರಚರಿತ್ರೆಯಲ್ಲಿ ಗುರುತಿಸಬೇಕಾದ ಅಂಶ.

ದಕ್ಷಿಣದಿಂದ ಬಂದ ಸಂಪತ್ತು ರಾಜಧಾನಿಯ ಕಟ್ಟಡಗಳಾಗಿ ರೂಪುಗೊಂಡಿತು. 1646ರ ಸುಮಾರಿಗೆ ಆಸಾರ್ ಮಹಲು ನಿರ್ಮಾಣವಾಯಿತು. ನ್ಯಾಯಸಭೆಯಾಗಿ ಮೊದಲಾದ ಈ ಕಟ್ಟಡ ಅನಂತರ ಪವಿತ್ರ ಸ್ಮಾರಕದ ನೆಲೆಯಾಯಿತು. ಅದರ ಮುಂದಿನ ಚೌಕಾಕಾರದ ಕೊಳ ಇಂದಿಗೂ ಕಾಣುತ್ತದೆ. 1648ರಲ್ಲಿ ಷಾಹಜಹಾನನು ಮಹಮ್ಮದನಿಗೆ ಶಾಹ ಎಂಬ ಬಿರುದನ್ನು ಮಾನ್ಯಮಾಡಿದನು. ಅವನ ರಾಣಿ ಖದೀಜಾ ಸುಲ್ತಾನಳ ಆಶ್ರಯದಲ್ಲಿ ದಖನಿ ಭಾಷೆಯ ಕಾವ್ಯರಚನೆಯೂ ನಡೆಯಿತು.

ಬೇಗಂ ತಲಾಬ್

ನಗರದ ದಕ್ಷಿಣಕ್ಕೆ 1651ರಲ್ಲಿ ಕಟ್ಟಿಸಿದ ಬೇಗಂ ತಲಾಬ್ ಮಹಮ್ಮದನ ಜಲಕಾರ್ಯಗಳಲ್ಲಿ ಮುಖ್ಯವಾದುದು. ಜಹಾನ್ ಬೇಗಂಳ ನೆನಪಿಗಾಗಿ ಇದಕ್ಕೆ ಈ ಹೆಸರು ಬಂದಿತು. ಇದರ ವಿಸ್ತಾರ ಸುಮಾರು 234 ಎಕರೆ. ಇಷ್ಟು ಹರವಿನಲ್ಲಿ ಒಂದೇ ಒಂದು ಅಡಿ ನೀರು ನಿಂತರೂ ಅದು ಸುಮಾರು 29 ಕೋಟಿ ಲೀಟರಾಗುತ್ತದೆಂಬುದನ್ನು ಲೆಕ್ಕ ಹಾಕಿದರೆ ಕೆರೆಯ ಮಹತ್ವ ತಿಳಿಯುತ್ತದೆ. ಇಳಿಜಾರಿನ ಮೇಲೆ ಬಿದ್ದ ಮಳೆ ಹಳ್ಳಕೊಳ್ಳಗಳಲ್ಲಿ ಪೋಲಾಗದೆ ಇಲ್ಲಿ ನಿಲ್ಲುತ್ತಿತ್ತು.

ನಿಂತ ನೀರನ್ನು ನಗರಕ್ಕೆ ತಂದ ಕ್ರಮ ವಿಶೇಷ ಅಧ್ಯಯನಕ್ಕೆ ಅರ್ಹ. ಕೆರೆಯ ಬಲಬದಿಯಲ್ಲಿ ನೆಲಮಟ್ಟದ ಕೆಳಗೆ ಒಂದು ಕೋಣೆಯಿದ್ದು, ಅಲ್ಲಿಂದ ಮಣ್ಣಿನ ಕೊಳವೆಗಳು ಹೊರಡುತ್ತಿದ್ದವು. ಒಂದಕ್ಕೊಂದು ಜೋಡಿಸಿ, ಸುತ್ತ ಗಾರೆಕಟ್ಟಡದ ಕವಚ ತೊಡಿಸಿದ ಈ ಕೊಳವೆಗಳು ನೆಲದ ಏರಿಳಿತಕ್ಕೆ ತಕ್ಕಂತೆ 15ರಿಂದ 50 ಅಡಿಗಳ ಆಳದಲ್ಲಿ ಸಾಗುತ್ತಿದ್ದವು. ದಾರಿಯುದ್ದಕ್ಕೂ ಅಲ್ಲಲ್ಲಿ 25ರಿಂದ 40 ಅಡಿ ಎತ್ತರದ ಗೋಪುರಗಳನ್ನು ಎಬ್ಬಿಸಲಾಗಿತ್ತು. ಗಂಜ್ ಎಂದು ಕರೆಯುವ ಇವು ನಗರದಲ್ಲಿ ಈಗಲೂ ಅಲ್ಲಲ್ಲಿ ಉಳಿದಿವೆ. ನೀರಿನ ಒತ್ತಡವನ್ನು ಮುರಿದು ಕೊಳವೆ ಒಡೆಯದಂತೆ ನೋಡಿಕೊಳ್ಳುವುದು ಅವುಗಳ ಮೊದಲ ಕೆಲಸ. ಎರಡನೆಯದೂ ಅಷ್ಟೇ ಮುಖ್ಯವಾದುದು: ಗೋಪುರಕ್ಕೆ ಏರಿದ ನೀರು ಕ್ಷಣಕಾಲ ನಿಧಾನಿಸಿದಾಗ ಅದರೊಳಗಿನ ಕೆಸರು ತಳದಲ್ಲಿ ಕೂತು, ತಿಳಿನೀರು ಮಾತ್ರ ಮುಂದೆ ಹೋಗುತ್ತಿತ್ತು. ಆಸಾರ್ ಮಹಲಿನ ಕೊಳಕ್ಕೂ ಹೀಗೆ ಬೇಗಂ ತಲಾಬಿನಿಂದಲೇ ನೀರು ಬರುತ್ತಿತ್ತು. ಅಫಜಲ್ ಖಾನನ ಹೆಸರೂ ಈ ಕಾಲದ ನೀರಿನ ಕೆಲಸಗಳೊಂದಿಗೆ ಬೆರೆತಿದೆ. ಅರಸನ ಮತ್ತು ಸರದಾರರ ಹೆಸರುಗಳು ಉಳಿದವು. ಐವತ್ತು ಅಡಿ ಆಳ ಅಗೆದವರ, ಕೊಳವೆ ಸುಟ್ಟ ಕುಂಬಾರರ, ಗಾರೆ ಅರೆದವರ ಹೆಸರುಗಳು ಉಳಿಯಲಿಲ್ಲ.

ನಿಂತು ತಿಳಿಯಾಗುವ ನೀರು

ಈ ಇಡೀ ವ್ಯವಸ್ಥೆಯ ತಿರುಳು ಒಂದೇ: ಓಡುವ ನೀರನ್ನು ನಿಧಾನಿಸುವುದು. ಒಂದು ಎಕರೆ ಗಟ್ಟಿನೆಲದ ಮೇಲೆ 25 ಮಿಲಿಮೀಟರ್ ಮಳೆ ಸುರಿದರೆ ಸುಮಾರು ಒಂದು ಲಕ್ಷ ಲೀಟರ್ ನೀರು ಹರಿಯುತ್ತದೆ. ಮೊದಲ ಹರಿವು ಧೂಳು, ಸಗಣಿ, ಕಸಗಳನ್ನೆಲ್ಲ ಹೊತ್ತು ತರುವುದರಿಂದ ಅದೇ ಅತಿ ಕೊಳಕಾದುದು. ಇಳಿಜಾರಿನಲ್ಲಿ ಹುಲ್ಲಿದ್ದರೆ ಅದರ ಬೇರು ದಂಟುಗಳು ಹರಿವನ್ನು ತಡೆದು ಮಣ್ಣನ್ನು ಹಿಡಿಯುತ್ತವೆ. ಕೆರೆಯಂಗಳದ ಅಂಚಿನಲ್ಲಿ ತಾನೇ ಬೆಳೆಯುವ ಜೊಂಡು, ಆಪು ಮೊದಲಾದ ಸಸ್ಯಗಳ ನಡುವೆ ನೀರು ಮತ್ತೂ ಸಾವಕಾಶವಾಗುತ್ತದೆ. ಅವುಗಳ ಬೇರಿನ ಸುತ್ತ ನೆಲೆಸುವ ಸೂಕ್ಷ್ಮಜೀವಿಗಳು ಕೊಳೆತ ವಸ್ತುವನ್ನು ಕರಗಿಸುತ್ತವೆ. ಸಸ್ಯಗಳು ಆ ಸಾರವನ್ನು ಹೀರಿಕೊಳ್ಳುತ್ತವೆ. ಕೆರೆಯಲ್ಲಿ ಉಳಿದ ಹೂಳು ಕೂರುತ್ತದೆ. ಗಂಜ್‌ಗಳಲ್ಲಿ ಕೊನೆಯ ಕೆಸರು ನಿಲ್ಲುತ್ತದೆ. ನಗರದ ಕಂದಕಗಳ ಮುಖ್ಯ ಉದ್ದೇಶ ರಕ್ಷಣೆಯೇ ಆದರೂ, ತಗ್ಗಿನ ಅಂಥ ತಾಣಕ್ಕೆ ಇಳಿದ ಮಳೆನೀರು ಅಲ್ಲಿ ನಿಂತು ನೆಲಕ್ಕೆ ಇಂಗಲು ಅವಕಾಶವಿತ್ತು.

ತೋಟಗಳೂ ಈ ಸರಪಳಿಗೆ ಸೇರಿದವು. ವಿಜಾಪುರದಿಂದ ಸಿಂದಗಿಯ ಕಡೆಗೆ ಹೋಗುವ ಮಾರ್ಗದಲ್ಲಿರುವ ಕುಮಟಗಿಯಲ್ಲಿ ಆದಿಲ್‌ಶಾಹಿ ಕಾಲದ ಕೆರೆ, ವಿಹಾರಮಂಟಪಗಳು, ನೀರಿನ ಗೋಪುರ, ಕಾರಂಜಿಗಳು ಉಳಿದಿವೆ. ಕೆರೆಯ ನೀರನ್ನು ಎತ್ತರಕ್ಕೆ ಏರಿಸಿ, ಮಂಟಪಗಳಲ್ಲಿ ಚಿಮ್ಮಿಸುತ್ತಿದ್ದ ಆ ರಚನೆಯನ್ನು ಕೇವಲ ಭೋಗದ ವಸ್ತುವೆಂದು ತಳ್ಳಿಹಾಕುವಂತಿಲ್ಲ. ಹಸಿರಾದ ನೆಲ ಬಳಸಿದ ನೀರನ್ನು ಮತ್ತೆ ಭೂಮಿಗೆ ಮರಳಿಸುವ ನೆಲವೂ ಹೌದು.

ಜರ್ಮನಿಯಲ್ಲಿ 1950ರ ದಶಕದಿಂದ ಕೇಟೆ ಸೈಡೆಲ್ ಎಂಬ ವಿಜ್ಞಾನಿ ಜೊಂಡುಸಸ್ಯಗಳಿಂದ ಕೊಳೆನೀರನ್ನು ಶುದ್ಧಗೊಳಿಸುವ ಪ್ರಯೋಗಗಳನ್ನು ನಡೆಸಿದರು. ಅಮೆರಿಕದ ಮೇರಿಲ್ಯಾಂಡಿನಲ್ಲಿ 1990ರ ದಶಕದ ಆರಂಭದಲ್ಲಿ ಮನೆ ಮತ್ತು ರಸ್ತೆಗಳ ಮಳೆನೀರನ್ನು ಗಿಡ ನೆಟ್ಟ ತಗ್ಗುಗಳಿಗೆ ತಿರುಗಿಸಿ ಇಂಗಿಸುವ ಮಳೆತೋಟಗಳು ರೂಪುಗೊಂಡವು. ನಮ್ಮಲ್ಲಿಯೇ ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ, ಸಂಸ್ಕರಿಸಿದ ಕೊಳೆನೀರು ಕೆರೆಗೆ ಸೇರುವ ಮೊದಲು ಜೊಂಡು ಬೆಳೆದ ಜೌಗಿನ ಮೂಲಕ ಹಾಯುವಂತೆ ಮಾಡಲಾಗಿದೆ. ಮಹಮ್ಮದನ ಕಾಲದವರು ಇಂಥ ಸಸ್ಯವಿಜ್ಞಾನವನ್ನು ಬಲ್ಲವರಾಗಿದ್ದರೆಂದು ಹೇಳುವುದು ಅತಿಶಯವಾದೀತು. ನೀರಿಗೆ ಸಮಯವನ್ನೂ ಜಾಗವನ್ನೂ ಕೊಟ್ಟರೆ ಅದು ತಾನೇ ತಿಳಿಯಾಗುತ್ತದೆಂಬ ಅನುಭವಜ್ಞಾನ ಮಾತ್ರ ಅವರಿಗಿತ್ತು. ಹೊಸ ವಿಧಾನಗಳ ತಳಹದಿಯೂ ಅದೇ.

ಕೊನೆಯ ವರ್ಷಗಳು

1646ರ ಸುಮಾರಿನಿಂದ ಮಹಮ್ಮದನು ದೀರ್ಘಕಾಲದ ಅನಾರೋಗ್ಯಕ್ಕೆ ಒಳಗಾದನು. ಬೇಗಂ ತಲಾಬ್ ಅವನ ರೋಗಕಾಲದ ಕೆಲಸವೆಂಬುದನ್ನು ಇಲ್ಲಿ ಗಮನಿಸಬೇಕು. ಇದೇ ಕಾಲದಲ್ಲಿ ಪಶ್ಚಿಮದ ಘಟ್ಟಸೀಮೆಯಲ್ಲಿ ಶಿವಾಜಿಯ ಬಲ ಬೆಳೆಯತೊಡಗಿತ್ತು. ಸರದಾರರ ಮೇಲಿನ ಹಿಡಿತ ಸಡಿಲಗೊಳ್ಳುತ್ತಿತ್ತು. ಅರಸನು ತನ್ನ ಸಮಾಧಿಯ ಕೆಲಸವನ್ನು ಮುಂದುವರಿಸಿದನು. 18,000 ಚದರ ಅಡಿಗೂ ಮಿಕ್ಕ ಒಳ ಅಂಗಳದ ಮೇಲೆ, ಹೊರಗಿನಿಂದ 144 ಅಡಿ ವ್ಯಾಸದ ಒಂದೇ ಗುಮ್ಮಟ ಎದ್ದಿತು. 1656ರ ನವೆಂಬರ್ 4ರಂದು ಅವನು ತೀರಿಕೊಂಡು ಅಲ್ಲಿಯೇ ಸಮಾಧಿಯಾದನು. ಕಟ್ಟಡದ ಹಲವು ಅಲಂಕರಣಗಳು ಅಪೂರ್ಣವಾಗಿಯೇ ಉಳಿದವು.

ಮೂವತ್ತು ವರ್ಷಗಳಲ್ಲಿ, 1686ರ ಸೆಪ್ಟೆಂಬರಿನಲ್ಲಿ, ನಗರ ಔರಂಗಜೇಬನ ವಶವಾಯಿತು. ರಾಜಧಾನಿಯ ಪಟ್ಟ ಹೋದ ಮೇಲೆ ಜನ ಚದುರಿದರು. ಕೊಳವೆಗಳನ್ನು ತೊಳೆಯುವ, ಹೂಳೆತ್ತುವ, ತೂಬು ಕಾಯುವ ಕೈಗಳೂ ಇಲ್ಲವಾದವು. ಗೋಡೆಗೆ ಗೋಡೆಯೇ ಆಧಾರ; ನೀರಿನ ವ್ಯವಸ್ಥೆಗೆ ಮಾತ್ರ ಪ್ರತಿವರ್ಷದ ಮನುಷ್ಯಶ್ರಮವೇ ಆಧಾರ. ಆದುದರಿಂದಲೇ ಗುಮ್ಮಟ ನಿಂತಿತು, ಕೊಳವೆ ಕಟ್ಟಿಕೊಂಡಿತು.

1885ರಲ್ಲಿ ಜಿಲ್ಲಾಕೇಂದ್ರ ಕಲಾದಗಿಯಿಂದ ವಿಜಾಪುರಕ್ಕೆ ಬಂದಾಗ ಹಾಳೂರಿನಲ್ಲಿ ಮತ್ತೆ ಜನವಸತಿ ಹೆಚ್ಚಿತು. ಮುಂದೆ ಭೂತನಾಳ ಕೆರೆಯ ನೀರು, ಆಮೇಲೆ ಕೃಷ್ಣೆಯ ನೀರು ನಲ್ಲಿಗಳಲ್ಲಿ ಬಂದಿತು. ನಲ್ಲಿ ಬಂದಂತೆ ಬಾವಡಿಗಳು ಬಟ್ಟೆ ಒಗೆಯುವ, ಮೂರ್ತಿಗಳನ್ನು ವಿಸರ್ಜಿಸುವ, ಕಸ ಎಸೆಯುವ ತಾಣಗಳಾದವು. ಗಟಾರದ ನೀರೂ ಕೆಲವಕ್ಕೆ ನುಗ್ಗಿತು. 2014ರ ನವೆಂಬರ್ 1ರಂದು ನಗರಕ್ಕೆ ವಿಜಯಪುರ ಎಂಬ ಹೆಸರು ಅಧಿಕೃತವಾಯಿತು. 2016-17ರ ವೇಳೆಗೆ ತಾಜ್ ಬಾವಡಿಯೂ ಸೇರಿದಂತೆ ಹಲವು ಬಾವಡಿಗಳ ಹೂಳು ತೆಗೆಯುವ ಕಾರ್ಯ ನಡೆಯಿತು. ಹೂಳಿನ ಕೆಳಗೆ ಸೆಲೆಗಳು ಇನ್ನೂ ಜೀವಂತವಾಗಿದ್ದವು.

ಸಮಾರೋಪ

ಮಹಮ್ಮದ್ ಆದಿಲ್‌ಶಾಹನನ್ನು ನೀರಿನ ಧರ್ಮಾತ್ಮನೆಂದು ಚಿತ್ರಿಸುವುದು ಈ ಲೇಖನದ ಆಶಯವಲ್ಲ. ಅವನ ಆಳ್ವಿಕೆ ಒಡ್ಡನ್ನು ಒಡೆದೂ ಇದೆ, ಕಟ್ಟಿಯೂ ಇದೆ. ಅವನು ತಂದ ನೀರು ಅರಮನೆಯ ಕೊಳವನ್ನೂ ತುಂಬಿದೆ, ಬೀದಿಯ ಬಾಯಾರಿಕೆಯನ್ನೂ ತಣಿಸಿದೆ. ಆದರೆ ಒಂದು ಅಂಶ ಸ್ಪಷ್ಟ. ಮಳೆನೀರನ್ನು ಬೇಗನೆ ಊರಾಚೆ ಸಾಗಹಾಕಬೇಕಾದ ಉಪದ್ರವವೆಂದು ಆ ಕಾಲ ಭಾವಿಸಿರಲಿಲ್ಲ. ಇಂದು ಕಾಂಕ್ರೀಟಿನ ಗಟಾರ ಮಾಡುವುದು ಅದನ್ನೇ: ಕೊಳೆಯನ್ನೂ ಮಳೆಯನ್ನೂ ಒಂದುಗೂಡಿಸಿ ಓಡಿಸುತ್ತದೆ, ತಗ್ಗಿನ ಓಣಿ ಮುಳುಗುತ್ತದೆ, ಎತ್ತರದ ಬಾವಿ ಬತ್ತುತ್ತದೆ. ಬಾವಡಿಯ ಹೂಳೆತ್ತಿದರಷ್ಟೇ ಸಾಲದು. ಅದಕ್ಕೆ ನೀರು ಇಂಗಿಸುವ ಮೇಲಿನ ನೆಲ ತೆರೆದಿರಬೇಕು, ಆ ನೆಲಕ್ಕೆ ಹುಲ್ಲಿನ ಹೊದಿಕೆ ಇರಬೇಕು, ಗಟಾರ ಬೇರೆಯಾಗಿರಬೇಕು.

ಸಂಶೋಧಕರ ಮುಂದಿರುವ ಕೆಲಸವೂ ದೊಡ್ಡದು. ಗಂಜ್‌ಗಳ ನೆಲೆ, ಕೊಳವೆಗಳ ದಾರಿ, ಬಾವಡಿಗಳ ಹೆಸರು, ಅವುಗಳಿಗೆ ನೀರುಣಿಸುತ್ತಿದ್ದ ಹಳ್ಳ ತಗ್ಗುಗಳ ಸ್ಥಳನಾಮಗಳು, ಇವುಗಳನ್ನು ಓಣಿಓಣಿಯ ಹಿರಿಯರಿಂದ ಕೇಳಿ ನಕ್ಷೆಗೆ ಇಳಿಸಬೇಕಾಗಿದೆ. ಶಾಸನಗಳು ಅರಸರ ಹೆಸರನ್ನು ಕಾಪಾಡಿವೆ. ನೀರಿನ ದಾರಿಯನ್ನು ಕಾಪಾಡಿರುವುದು ಜನರ ನೆನಪು. ಹೊಸ ಬಡಾವಣೆಗಳ ಅಡಿಯಲ್ಲಿ ಆ ನೆಲ ಮುಚ್ಚಿಹೋಗುವ ಮೊದಲು ಈ ಕೆಲಸ ನಡೆಯಬೇಕು.